ಫೋನು ಕೂಗಿದ ಹೆಸರು

ಇಂಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಲಿಂಬೆಹಣ್ಣಿನ ವ್ಯಾಪಾರಿ ರಾಚಪ್ಪನ ಮನೆಯ ಮಾಳಿಗೆ ಮೇಲೆ ಒಂದು ಖೋಲಿ ಇದೆ. ಎಂಟು ವರ್ಷದಿಂದ ಅಲ್ಲಿ ಬಾಡಿಗೆಗೆ ಇರುವ ಮನುಷ್ಯನ ಹೆಸರು ಕೌಸ್ತುಭ. ಹೆಸರೇನೋ ಭಾರಿ ಹೆಸರು, ಆದರೆ ಓಣಿಯಲ್ಲಿ ಒಬ್ಬರ ನಾಲಿಗೆಯೂ ಅದಕ್ಕೆ ಹೊರಳಲಿಲ್ಲ. ಕಿರಾಣಿ ಅಂಗಡಿಯ ಅಬ್ದುಲಗನಿ ‘ಸಾಹೇಬ್ರ’ ಅಂದ. ಚಹಾದಂಗಡಿಯವನು ‘ಆ್ಯಪ್ ಸರ್’ ಅಂದ. ಕೆಳಗಿನ ಮನೆಯವರು ‘ಮ್ಯಾಲಿನವ್ರು’ ಅಂದರು. ತಾಯಿ ಭಾಗೀರಥೀಬಾಯಿ ಬದುಕಿರುವ ತನಕ ‘ಕೌಸ್ತುಭಾ, ಕೌಸ್ತುಭಾ’ ಎಂದು ಕೂಗಿ ಕೂಗಿ ಮಗನ ತಲೆ ತಿನ್ನುತ್ತಿದ್ದಳು. ಆಕೆ ಹೋದಮೇಲೆ ಆ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನ ಮೇಲೆ ಮಾತ್ರ ಉಳಿಯಿತು. ಈ ಕಥೆಯಲ್ಲಾದರೂ ಅವನನ್ನು ಹೆಸರು ಹಿಡಿದೇ ಕರೆಯೋಣ. ಅರವತ್ತು ದಾಟಿದವನು ನಿಜ, ಆದರೂ ಏಕವಚನದಲ್ಲೇ ಕರೆಯೋಣ. ಅವನಿಗೆ ಬೇಕಾಗಿದ್ದದ್ದೂ ಅದೇ.

ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿ ಟೈಪಿಸ್ಟ್ ಎಂದು ಸೇರಿ, ಕಂಪ್ಯೂಟರ್ ಬಂದಾಗ ಕಂಪ್ಯೂಟರ್ ಮುಂದೆ ಕೂತು, ಅಲ್ಲೇ ನಿವೃತ್ತಿಯಾದ. ಮದುವೆ ಆಗಲಿಲ್ಲ. ಯಾಕೆ ಅಂದರೆ ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ ಮಾರಾಯರೆ, ಆಗಲಿಲ್ಲ ಅಷ್ಟೇ. ಒಂದೆರಡು ಕಡೆ ಕನ್ಯೆ ನೋಡಿದರು, ಜಾತಕ ಕೂಡಲಿಲ್ಲ, ಆಮೇಲೆ ತಾಯಿ ಹಾಸಿಗೆ ಹಿಡಿದಳು, ಆಮೇಲೆ ಕೇಳುವವರೇ ಬರಲಿಲ್ಲ. ತಾಂಬಾದಲ್ಲಿ ತಾಯಿಯ ಕಡೆಯಿಂದ ಬಂದ ತುಂಡು ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದ. ಅದಕ್ಕೆ ಹೋಗಿಬರಲು ಇಂಡಿ ಸಮೀಪ ಎಂದು ಇಲ್ಲಿ ಖೋಲಿ ಹಿಡಿದ.

ಹೊತ್ತು ಹೋಗಬೇಕಲ್ಲ! ಹೊಸ ಹೊಸ ಆ್ಯಪ್ ಇಳಿಸಿಕೊಂಡು ನೋಡುವ ಚಟ ಹತ್ತಿತು. ಎಲೆಗೆ ಕ್ಯಾಮೆರಾ ಹಿಡಿದರೆ ರೋಗದ ಹೆಸರು ಹೇಳುವುದು ಒಂದು. ಆಕಾಶಕ್ಕೆ ಹಿಡಿದರೆ ನಕ್ಷತ್ರದ ಹೆಸರು ಹೇಳುವುದು ಇನ್ನೊಂದು. ಗೋಡೆ ನೆಟ್ಟಗಿದೆಯೋ ಸೊಟ್ಟಗಿದೆಯೋ ತೋರಿಸುವ ಆ್ಯಪ್ ಇಳಿಸಿದ ದಿನವೇ ರಾಚಪ್ಪ ಹೊಸದಾಗಿ ಕಟ್ಟಿಸಿದ ಕಂಪೌಂಡು ವಾಲಿದೆ ಎಂದು ಹೇಳಿಬಂದ. ಪಾಪ, ಶಹಬಾಸ್ ಅನ್ನುತ್ತಾರೆ ಅಂದುಕೊಂಡಿದ್ದ. ಮುಖವನ್ನು ಮುದುಕನ ಮುಖ ಮಾಡಿ ತೋರಿಸುವ ಆ್ಯಪಿಗೆ ತನ್ನ ಫೋಟೋ ಕೊಟ್ಟ. ಅದು ಸ್ವಲ್ಪ ಹೊತ್ತು ತಿರುಗಿ ತಿರುಗಿ ಹೆಚ್ಚು ಕಡಿಮೆ ಅದೇ ಫೋಟೋ ವಾಪಸ್ ಕೊಟ್ಟಿತು. ನಾಲ್ಕು ಮಂದಿ ಆಡುವ ಲೂಡೋದಲ್ಲಿ ಮೂರು ಬಣ್ಣ ಕಂಪ್ಯೂಟರಿಗೆ ಬಿಟ್ಟು ಹಸಿರು ತಾನಿಟ್ಟುಕೊಂಡು ಆಡುತ್ತಿದ್ದ. ಗೆದ್ದರೆ ಹೇಳಿಕೊಳ್ಳಲು ಯಾರಿಲ್ಲ, ಸೋತರೆ ನಗಲು ಯಾರಿಲ್ಲ. ಎಂಥ ಆಟ ಅದು!

ಹಾಗಾಗಿ ಫೋನ್ ಹಚ್ಚುತ್ತಿದ್ದ. ಹೊಸ ಆ್ಯಪ್ ಒಂದು ಕೈಗೆ ಸಿಕ್ಕಿತೋ, ಗೊತ್ತಿದ್ದವರಿಗೆಲ್ಲ ಒಂದೊಂದು ಫೋನು. ‘ಒಂದು ಮಸ್ತ್ ಚೀಜ್ ಬಂದದ ನೋಡ್ರಿ...’ ಎಂದು ಶುರುಮಾಡಿದರೆ ಎದುರಿನವರು ಹೂಂ ಅನ್ನುತ್ತಾರೋ ಊಹೂಂ ಅನ್ನುತ್ತಾರೋ ಅದರ ಖಬರೇ ಇರುತ್ತಿರಲಿಲ್ಲ. ಸುಳ್ಳೇಕೆ ಹೇಳಬೇಕು, ಮನುಷ್ಯ ಒಳ್ಳೆಯವನು, ಆದರೆ ಪೀಡೆಯೇ. ಒಮ್ಮೆ ಮಾರುಕಟ್ಟೆಯಲ್ಲಿ ಲಿಂಬೆಹಣ್ಣಿನ ಸವಾಲು, ಅಂದರೆ ಹರಾಜು, ನಡೆದಾಗ ರಾಚಪ್ಪನಿಗೆ ಮೇಲಿಂದ ಮೇಲೆ ಫೋನ್ ಹಚ್ಚಿ, ಮಾತನಾಡಿದರೆ ತಾನೇ ಬರೆದುಕೊಳ್ಳುವ ಆ್ಯಪಿನ ವಿಚಾರ ಹೇಳಿದ. ರಾಚಪ್ಪನ ಕೈತಪ್ಪಿ ಹತ್ತು ಡಾಗ, ಅಂದರೆ ಹತ್ತು ಚೀಲ ಹಣ್ಣು ಬೇರೆಯವನ ಪಾಲಾಯಿತು. ಆದರೂ ಸಂಜೆ ಅದೇ ಆ್ಯಪನ್ನು ರಾಚಪ್ಪನ ಫೋನಿಗೆ ಹಾಕಿ ಕಲಿಸಿಕೊಟ್ಟೇ ಮೇಲೆ ಹೋದ.

ಇಷ್ಟೆಲ್ಲ ಯಾಕೆ ಅಂದರೆ, ಅವನಿಗೆ ಒಂದು ಮನೆಯವನಾಗುವ ಆಸೆ ಇತ್ತು. ಈ ಮನೆಯವರು ತನ್ನನ್ನು ತಮ್ಮವನು ಅಂದುಕೊಂಡಿದ್ದಾರೆ ಎಂದು ನಂಬಿದ್ದ. ಆ ತುಂಡು ಹೊಲ ಬಿಟ್ಟರೆ ಜಗತ್ತಿನಲ್ಲಿ ಅವನಿಗಿದ್ದ ಆಸ್ತಿ ಆ ನಂಬಿಕೆಯೊಂದೇ. ಕೆಳಗೆ ನಗು ಕೇಳಿದರೆ ಮೇಲೆ ತಾನೂ ಒಂದಿಷ್ಟು ನಗುತ್ತಿದ್ದ. ಯಾಕೆ ನಕ್ಕರೋ ಗೊತ್ತಿಲ್ಲದಿದ್ದರೂ ನಗುತ್ತಿದ್ದ.

ಹೋದ ಚಳಿಗಾಲದಲ್ಲಿ ರಾಚಪ್ಪ ಹೊಸ ಫೋನ್ ಕೊಂಡು, ಹಳೆಯದನ್ನು ಇದ್ದದ್ದು ಇದ್ದ ಹಾಗೇ ಹೆಂಡತಿ ಸಿದ್ದಲಿಂಗವ್ವನಿಗೆ ಕೊಟ್ಟ. ಒಂದು ಮಧ್ಯಾಹ್ನ ಆಕೆಯೇ ಮೆಟ್ಟಿಲು ಹತ್ತಿ ಬಂದಳು.

‘ನನಗ ಓದಾಕ ಬರಾಂಗಿಲ್ಲ ನೋಡ್ರಿ. ಯಾರ ಹಚ್ಚ್ಯಾರಂತ ತಿಳೀದs ಎತ್ತಿದ್ರ, ಲೋನ್ ಬೇಕೇನ್ರಿ ಅಂತಾವು. ಇದಕ್ಕೇನರ ಹಿಕಮತ್ ಐತೇನ್ರಿ?’

ಐತೇನ್ರಿ ಅಂತ ಕೇಳಬೇಕೆ! ಕೌಸ್ತುಭನಿಗೆ ಸ್ವರ್ಗ ಮೂರೇ ಗೇಣು. ‘ಅದರೀ, ಅದ! ಯಾರು ಫೋನ್ ಮಾಡಿದರೂ ಅವರ ಹೆಸರು ಕೂಗಿ ಹೇಳ್ತದ. ಕನ್ನಡದಾಗ, ಗಟ್ಟಿಯಾಗಿ. ನೀವು ಅಡಗಿ ಮನಿಯೊಳಗ ಇದ್ದರೂ ಕೇಳಬೇಕು, ಹಂಗ ಇಡ್ತೀನಿ.’ ಅಲ್ಲೇ ಕೂತು ಆ್ಯಪ್ ಇಳಿಸಿದ. ದನಿ ಪೂರಾ ಏರಿಸಿದ. ಒಳಗಿನ ಹೆಸರುಗಳನ್ನು ಮಾತ್ರ ತೆಗೆದು ನೋಡಲಿಲ್ಲ. ಬೇರೆಯವರ ಫೋನಿನಲ್ಲಿ ಇಣುಕಬಾರದು ಎಂಬ ಮರ್ಯಾದೆ ಅವನಿಗಿತ್ತು. ಆ ಮರ್ಯಾದೆಯೇ ಕೈಕೊಟ್ಟಿತು.

ಸಿದ್ದಲಿಂಗವ್ವ ಕೆಳಗೆ ಹೋಗಿ ಅಂಗಳದಲ್ಲಿ ಲಿಂಬೆಹಣ್ಣು ಆರಿಸಲು ಕೂತಳು. ಜೊತೆಗೆ ಕೂಲಿಗೆ ಬರುವ ಶಮಾ. ಫೋನು ಕಟ್ಟೆಯ ಮೇಲೆ. ಕೌಸ್ತುಭ ಮೇಲಿನಿಂದ ಬಗ್ಗಿ, ಮದುವೆಮನೆಯ ಹುಡುಗನ ಹಾಗೆ ಉಬ್ಬಿಕೊಂಡು, ‘ಈಗ ನಾನೇ ಹಚ್ತೀನಿ, ಕೇಳ್ರಿ!’ ಎಂದು ಕೂಗಿ ಗುಂಡಿ ಒತ್ತಿದ.

ಫೋನು ಒಂದು ಸಲ ಗುಂಯ್ ಅಂದಿತು. ಆಮೇಲೆ ವಾರ್ತೆ ಓದುವವಳ ಸ್ಪಷ್ಟ ದನಿಯಲ್ಲಿ, ಇಡೀ ಓಣಿಗೆ ಕೇಳುವಂತೆ ಹೇಳಿತು:

‘ಮೇಲಿನ ಪೀಡೆ ಅವರು ಕರೆ ಮಾಡುತ್ತಿದ್ದಾರೆ.’

ಶಮಾ ಕಿಸಕ್ಕನೆ ನಕ್ಕುಬಿಟ್ಟಳು. ಸಿದ್ದಲಿಂಗವ್ವನ ಕೈಯಲ್ಲಿದ್ದ ಹಣ್ಣು ಉರುಳಿಹೋಯಿತು. ಫೋನನ್ನು ನಿಲ್ಲಿಸುವುದು ಹೇಗೋ ಆಕೆಗೆ ಗೊತ್ತಿಲ್ಲ. ಮೇಲಿದ್ದವನ ಬೆರಳು ಮರಗಟ್ಟಿದೆ. ಫೋನು ಇನ್ನೊಮ್ಮೆ ಹೇಳಿತು, ಮತ್ತೂ ಒಮ್ಮೆ ಹೇಳಿತು. ‘ಅವರು’, ‘ಮಾಡುತ್ತಿದ್ದಾರೆ’ ಎಂದು ಮರ್ಯಾದೆ ಬೇರೆ! ಆ ದರಿದ್ರ ಯಂತ್ರಕ್ಕೆ ಮಾನ ಅವಮಾನ ಎರಡೂ ಒಂದೇ. ಕೌಸ್ತುಭ ಹೇಗೋ ಕರೆ ಕತ್ತರಿಸಿ, ‘ಚಲೋ ಕೆಲಸ ಮಾಡ್ಲಿಕ್ಕತ್ತದ’ ಎಂದು ಗಂಟಲೊಳಗೇ ಹೇಳಿ ಒಳಗೆ ಹೋದ.

ಸಂಜೆ ಕೆಳಗಿನ ಜಗಳ ಮೇಲಕ್ಕೆ ಕೇಳಿಸಿತು.

‘ನಾ ಏನ್ ಅವರ ಮಾರಿ ಮುಂದ ಅಂದೇನಿ?’ ರಾಚಪ್ಪ ಹೇಳುತ್ತಿದ್ದ. ‘ಸವಾಲ್ ಕೈತಪ್ಪಿದ ದಿನ ಸಿಟ್ಟ ಬಂದಿತ್ತು, ಅವರ ನಂಬರಿಗೆ ಹೆಸರು ಹಾಕೂವಾಗ ಅವರ ಕಲಿಸಿದ ಆ್ಯಪಿನ್ಯಾಗ ಹಂಗ ಅಂದೆ, ಅದು ಬರಕೊಂತು. ಇದು ಹಿಂಗ ಒದರತೈತಿ ಅಂತ ನನಗೇನ್ ಕನಸ ಬಿದ್ದಿತ್ತು? ಒದರೂ ಆ್ಯಪ್ ಹಾಕಿದ್ರು ಯಾರು? ಅವರs!’

‘ಬಾಯಿ ಮುಚ್ಚ್ರಿ, ಮ್ಯಾಲ ಕೇಳ್ತೈತಿ’ ಅಂದಳು ಸಿದ್ದಲಿಂಗವ್ವ.

ಕೇಳಿತ್ತು. ಕೌಸ್ತುಭ ಅಂದು ಊಟ ಮಾಡಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಖೋಲಿ ಬಿಟ್ಟು ಹೋಗಬಹುದಿತ್ತು. ಅವನಿಗೆ ಬಂದದ್ದು ನಾಚಿಕೆ. ಎಂಟು ವರ್ಷ ತಾನು ಫೋನ್ ಹಚ್ಚಿದಾಗಲೆಲ್ಲ ಎದುರಿನವರು ಹೇಗೆ ಮುಖ ಮಾಡಿರಬಹುದು ಎಂದು ಒಬ್ಬೊಬ್ಬರದೇ ಮುಖ ನೆನೆಸಿಕೊಂಡ. ಅಬ್ದುಲಗನಿಯ ಫೋನಿನಲ್ಲಿ ತಾನು ಏನೆಂದು ಇದ್ದೇನೋ? ಚಹಾದವನ ಫೋನಿನಲ್ಲಿ ಏನೋ? ಇನ್ನು ಮೇಲೆ ಯಾರಿಗೂ ತಾನಾಗಿ ಹಚ್ಚುವುದಿಲ್ಲ, ಆ್ಯಪಿನ ಮಾತು ಬಾಯಿಂದ ತೆಗೆಯುವುದಿಲ್ಲ ಎಂದು ಆಣೆ ಮಾಡಿಕೊಂಡ.

ಆಣೆಯನ್ನು ಪಾಲಿಸಿದ. ಒಂದೊಂದೇ ಆ್ಯಪ್ ಅಳಿಸಿದ. ಯಾರಾದರೂ ‘ಯಾಕ್ರಿ, ಸುದ್ದೀನs ಇಲ್ಲ?’ ಎಂದು ಕೇಳಿಯಾರು ಎಂದು ಕಾದ. ರೀಚಾರ್ಜ್ ಮುಗಿಯಿತು, ಹಾಕಿಸುವುದಿಲ್ಲವೇ ಎಂದು ಕಂಪನಿಯವರು ಕೇಳಿದರು. ಅಂಗಡಿಯ ಬಿಲ್ಲಿನ ಪ್ರಿಂಟರು ಕಾಗದ ಕಚ್ಚಿಕೊಂಡಿದೆ, ಬರುತ್ತೀರಾ ಎಂದು ಅಬ್ದುಲಗನಿ ಕೇಳಿದ. ಹೋಗಿ ಬಿಡಿಸಿಕೊಟ್ಟು ಬಂದ. ಸುದ್ದಿ ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ. ನೋವಾಯಿತು, ಬಹಳ ನೋವಾಯಿತು.

ಮುಂದಿನ ವಾರ ಸಿದ್ದಲಿಂಗವ್ವ ಲಿಂಬೆಕಾಯಿ ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡು ಮತ್ತೆ ಮೇಲೆ ಬಂದಳು. ಬಾಗಿಲಲ್ಲೇ ನಿಂತಳು. ಭರಣಿ ಕೊಟ್ಟಳು. ಫೋನನ್ನೂ ಕೊಟ್ಟಳು.

‘ಇವರಿಗೆ ನಾಚಿಕಿ ಬಂದು ನಿಮ್ಮ ನಂಬರs ಅಳಿಸಿ ಬಿಟ್ಟಾರ. ಈಗ ನೀವ್ ಹಚ್ಚಿದ್ರ ಬರೇ ಅಂಕಿ ಒದರತೈತಿ. ಮನಷ್ಯಾಗ ಅಂಕೀಲೆ ಕರೀತಾರೇನ್ರಿ? ಸರಿ ಕಾಣಲಿಲ್ಲ ನನಗ. ನಿಮ್ಮ ಹೆಸರು ಹಾಕಿ ಕೊಡ್ರಿ.’

ಓಣಿಯಲ್ಲಿ ಈ ಕೆಲಸಕ್ಕೆ ಎಲ್ಲರೂ ಬರುವುದು ಇವನ ಹತ್ತಿರವೇ. ಅವಳೂ ಬಂದಿದ್ದಳು.

‘ಏನಂತ ಹಾಕಲಿ?’ ಕೌಸ್ತುಭ ಕೇಳಿದ. ಅಣ್ಣ ಅಂತ ಹಾಕ್ರಿ ಅಂದಾಳು, ಕಾಕಾ ಅಂತ ಹಾಕ್ರಿ ಅಂದಾಳು ಎಂದು ಆಸೆಯಿಂದ ಕಾದ.

ಸಿದ್ದಲಿಂಗವ್ವ ಸೆರಗಿನ ತುದಿ ತಿರುವಿದಳು. ‘ತಪ್ಪ ತಿಳೀಬ್ಯಾಡ್ರಿ. ನಿಮ್ಮ ಹೆಸರು ಏನ್ರಿ? ಇವರನ್ನ ಕೇಳಿದ್ನಿ, ಅವರಿಗೂ ಗೊತ್ತಿಲ್ಲ. ಮ್ಯಾಲಿನವ್ರು, ಮ್ಯಾಲಿನವ್ರು ಅಂತನs ನಡದೈತಿ.’

ಎಂಟು ವರ್ಷ! ಕೌಸ್ತುಭನ ಮುಖ ಒಂದು ಕ್ಷಣ ಖಾಲಿಯಾಯಿತು. ಪೀಡೆ ಎಂದು ಕೇಳಿದಾಗಲೂ ಅಷ್ಟು ಖಾಲಿ ಆಗಿರಲಿಲ್ಲ. ‘ಕೌಸ್ತುಭ’ ಅಂದ.

‘ಕವ್... ಕವಸ್...’ ಆಕೆ ಪ್ರಯತ್ನಪಟ್ಟಳು, ನಿಜವಾಗಿಯೂ ಪಟ್ಟಳು. ಆಮೇಲೆ ನಕ್ಕಳು. ‘ಅಯ್ಯ ಶಿವನ, ನನ್ನ ಬಾಯಾಗ ಹೊಳ್ಳಾಂಗಿಲ್ರಿ ಇದು. ಇರ್ಲಿ ಬಿಡ್ರಿ, ಫೋನ್ ಅಂತೈತಲ್ಲ.’

ಅವನು ಅಕ್ಷರ ಅಕ್ಷರ ಒತ್ತಿ ಬರೆದ. ‘ಹಚ್ಚಿ ನೋಡ್ರಿ’ ಅಂದಳು. ‘ಬ್ಯಾಡ, ಆಮ್ಯಾಲೆ’ ಅಂದ. ಹಚ್ಚುವ ಧೈರ್ಯ ಅವನಿಗಿರಲಿಲ್ಲ.

ಅದಾಗಿ ಕೆಲವು ದಿನಕ್ಕೆ ಸಿದ್ದಲಿಂಗವ್ವನ ತಂಗಿಯ ಬಸುರಿ ಮಗಳ ಕುಬಸ, ಅಂದರೆ ಸೀಮಂತ, ಬಂತು. ಬೆಳಿಗ್ಗೆಯೇ ಗಂಡ ಹೆಂಡತಿ ಟೆಂಪೋ ಹಿಡಿದು ಬಸವನ ಬಾಗೇವಾಡಿಗೆ ಹೋದರು. ಹೊತ್ತೇರಿದ ಮೇಲೆ ಕೌಸ್ತುಭ ಕೆಳಗೆ ನೋಡಿದರೆ ಅಂಗಳದಲ್ಲಿ ಹಣ್ಣಿನ ಬುಟ್ಟಿಗಳು ಬಿಸಿಲಿಗೆ ಬಿದ್ದಿವೆ. ನೆರಳಿಗೆ ಎಳೆದಿಡಲೇ ಎಂದು ಕೇಳಬೇಕಲ್ಲ. ಆಣೆ ನೆನಪಾಯಿತು, ಆದರೆ ಇದು ಆ್ಯಪಿನ ಮಾತಲ್ಲ, ಹಣ್ಣಿನ ಮಾತು. ರಾಚಪ್ಪನಿಗೆ ಹಚ್ಚಲು ಮನಸ್ಸಾಗಲಿಲ್ಲ. ಸಿದ್ದಲಿಂಗವ್ವನಿಗೆ ಹಚ್ಚಿದ.

ಕೀಲಿ ಹಾಕಿದ ಮನೆಯ ಒಳಗಿನಿಂದ, ಅಡುಗೆಮನೆಯ ಕಿಟಕಿಯಿಂದ ದನಿ ಬಂತು:

‘ಕೌಸ್ತುಭ ಅವರು ಕರೆ ಮಾಡುತ್ತಿದ್ದಾರೆ.’

ಫೋನ್ ಮರೆತು ಹೋಗಿದ್ದಾಳೆ. ಕೌಸ್ತುಭ ಕರೆ ಕತ್ತರಿಸಿ ಕೆಳಗಿಳಿದ. ಬುಟ್ಟಿಗಳನ್ನೆಲ್ಲ ನೆರಳಿಗೆ ಎಳೆದಿಟ್ಟ. ಕೈ ತೊಳೆದ. ಆಮೇಲೆ ಮೇಲೆ ಹೋಗದೆ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತ. ಎಷ್ಟು ಸ್ಪಷ್ಟವಾಗಿ ಅಂದಿತು! ಒತ್ತು ಬಿಡಲಿಲ್ಲ, ಭಕಾರ ತಪ್ಪಲಿಲ್ಲ. ತಾಯಿ ಹೋದಮೇಲೆ ಆ ಹೆಸರನ್ನು ಇನ್ನೊಂದು ದನಿಯಲ್ಲಿ ಅವನು ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಯಾರೂ ಇಲ್ಲ. ಯಾರ ಸವಾಲೂ ತಪ್ಪುವುದಿಲ್ಲ, ಯಾರಿಗೂ ತ್ರಾಸಿಲ್ಲ. ಆಚೀಚೆ ನೋಡಿ ಇನ್ನೊಮ್ಮೆ ಹಚ್ಚಿದ. ಫೋನು ಕೂಗಿತು. ನಿಂತಿತು. ಮತ್ತೆ ಹಚ್ಚಿದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಆ ದನಿಗೆ ತಾಯಿಯ ದನಿಯ ಹೋಲಿಕೆ ಎಳ್ಳಷ್ಟೂ ಇರಲಿಲ್ಲ. ಆದರೂ ಒಳಗೆ ಯಾರೋ ತನ್ನನ್ನು ಕರೆಯುತ್ತಿದ್ದಾರೆ ಅನಿಸುತ್ತಿತ್ತು. ಮಧ್ಯಾಹ್ನ ಕಳೆದು ಆ ಫೋನಿನ ಬ್ಯಾಟರಿ ಸಾಯುವ ತನಕ ಹಚ್ಚುತ್ತಲೇ ಇದ್ದ.

ದೀಪ ಹಚ್ಚುವ ಹೊತ್ತಿಗೆ ಅವರು ಬಂದರು. ತುಸು ಹೊತ್ತಿಗೆ ಮೆಟ್ಟಿಲ ಮೇಲೆ ಧಡಧಡ ಸದ್ದು. ರಾಚಪ್ಪ, ಏದುಸಿರು ಬಿಡುತ್ತ, ಕೈಯಲ್ಲಿ ಹೆಂಡತಿಯ ಫೋನು. ಎಂಟು ವರ್ಷದಲ್ಲಿ ಅವನು ಮೇಲೆ ಬಂದದ್ದು ಅದೇ ಮೊದಲು.

‘ಏನಾತ್ರಿ? ಆರಾಮ ಅದೀರಿಲ್ಲೋ? ಚಾರ್ಜಿಗೆ ಹಾಕಿ ತಗದ್ರ ಪೂರಾ ನಿಮ್ಮ ಹೆಸರs ಐತಿ! ಎದಿಗಿದಿ ನೋಯಾಕತ್ತೈತೇನು? ದವಾಖಾನಿಗೆ ಹೋಗೂಣೇನು? ನನ್ನ ಫೋನಿಗೆ ಹಚ್ಚೂದಲ್ಲೇನ್ರಿ!’

ಅವನ ಮುಖದಲ್ಲಿ ನಿಜವಾದ ಗಾಬರಿ ಇತ್ತು. ಕೌಸ್ತುಭ ಅದನ್ನು ನೋಡಿದ. ಏನು ಹೇಳುವುದು? ನಿಮ್ಮ ಖಾಲಿ ಮನೆಯಿಂದ ನನ್ನ ಹೆಸರು ಕರೆಸಿಕೊಳ್ಳುತ್ತಿದ್ದೆ ಎಂದು ಯಾವ ಬಾಯಿಂದ ಹೇಳುವುದು?

‘ಏನಿಲ್ಲರೀ ರಾಚಪ್ಪ’ ಅಂದ, ನಗುವ ಪ್ರಯತ್ನ ಮಾಡಿ. ‘ಒಂದು ಮಸ್ತ್ ಆ್ಯಪ್ ಬಂದದ. ಅದನ್ನs ಹೇಳೋಣಂತ ಹಚ್ಚಿದ್ದೆ.’

ರಾಚಪ್ಪ ಫೋನನ್ನು ಜೇಬಿಗಿಳಿಸಿದ. ಗಾಬರಿ ಇಳಿಯಿತು, ಅದರ ಜಾಗದಲ್ಲಿ ಹಳೆಯ ಬೇಸರ ಬಂತು. ‘ಅಯ್ಯ ನಿಮ್ಮ...’ ಎಂದು ಹಣೆ ಚಚ್ಚಿಕೊಂಡು ಇಳಿದುಹೋದ.

ಕೆಳಗೆ ಸಿದ್ದಲಿಂಗವ್ವ ಕೇಳುವುದು ಕೇಳಿಸಿತು. ‘ಏನಂತ್ರಿ? ಯಾಕ ಹಚ್ಚಿದ್ರಂತ?’

‘ಏನಿಲ್ಲ’ ಅಂದ ರಾಚಪ್ಪ. ‘ಆ್ಯಪ್ ಅಂತ.’