ಒಂದು ತಟ್ಟಿದರೆ ನಿಧಾನ

ನವೆಂಬರ್ ತಿಂಗಳ ಎರಡನೇ ಶನಿವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ, ಶಿವಮೊಗ್ಗ ವಿನೋಬನಗರದ ನಮ್ಮ ಮನೆಯ ಗೇಟು. ಹಾಜರಿದ್ದವರು ಮೂವರು: ನಾನು, ನನ್ನ ಯಜಮಾನರು, ಮತ್ತು ನಮ್ಮ ಹಳೆಯ ಮೋಟಾರ್ ಸೈಕಲ್ಲನ್ನು ಇಪ್ಪತ್ತು ವರ್ಷ ಸಾಕಿದ ಭದ್ರಾವತಿಯ ಗ್ಯಾರೇಜಿನ ಭಾಯಿ.

ಹೀಗೆ ಶುರುಮಾಡುವುದು ನನಗೆ ರೂಢಿ. ಮೂವತ್ನಾಲ್ಕು ವರ್ಷ ಭದ್ರಾವತಿಯ ಕಾರ್ಖಾನೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಪಾಳಿ ಮುಗಿದ ಮೇಲೆ ರಿಪೋರ್ಟ್ ಪುಸ್ತಕದಲ್ಲಿ ದಿನ, ಗಂಟೆ, ಯಾರಿದ್ದರು, ಏನಾಯಿತು ಎಂದು ಬರೆದು, ಕೊನೆಯ ಕೆಲಸದ ಕೆಳಗೆ ಗೆರೆ ಎಳೆದ ನಂತರವೇ ಮನೆ. ನಿವೃತ್ತಿಯಾದ ಮೇಲೆ ಆಸ್ಪತ್ರೆ ಬಿಟ್ಟಿತು, ಗೆರೆ ಬಿಡಲಿಲ್ಲ.

ಅವತ್ತಿನ ಕೆಲಸ ಒಂದೇ. ಬೈಕ್ ಆರಿಸುವುದು.

ಹಳೆಯ ಮೋಟಾರ್ ಸೈಕಲ್ ಆ ವರ್ಷದ ಮಳೆಗಾಲದಲ್ಲಿ ಕೆಲಸ ನಿಲ್ಲಿಸಿತ್ತು. ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ ಎಂದು ಭಾಯಿ ಕೈಚೆಲ್ಲಿದರು. ಯಜಮಾನರು ಅದೇ ಕಾರ್ಖಾನೆಯಲ್ಲಿ ಕಬ್ಬಿಣದ ಸರಳು ಎಳೆಯುವ ರೋಲಿಂಗ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು, ಈಗ ಭದ್ರಾವತಿಯಲ್ಲೇ ತರಬೇತಿ ಕೇಂದ್ರವೊಂದರಲ್ಲಿ ಪಾಠ ಹೇಳುತ್ತಾರೆ. ವಾರಕ್ಕೆ ಐದು ದಿನ ಹೋಗಿ ಬರಬೇಕು. ಅದಕ್ಕೆ ಒಂದು ಸ್ಕೂಟರ್ ಸಾಕಿತ್ತು. ಆದರೆ ಅವರಿಗೆ ಕಾರವಾರ ಬೇಕು, ಅಲ್ಲಿಂದ ಗೋವಾ ಬೇಕು, ಸಾಧ್ಯವಾದರೆ ಕನ್ಯಾಕುಮಾರಿಯೂ ಬೇಕು. ಮೂರು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿ ಒಂದು ಮಾತು ಕಲಿತರು: ಸ್ಪೋರ್ಟ್ ಟೂರಿಂಗ್. ದಿನವೂ ಕೆಲಸಕ್ಕೆ ಹೋಗಲು ಹಗುರ, ಇಡೀ ದಿನ ಕೂತು ಓಡಿಸಲು ಗಟ್ಟಿ. ತೀರಾ ದೊಡ್ಡದಲ್ಲ, ಚಿಕ್ಕದೂ ಅಲ್ಲ.

ಆ ವಿಡಿಯೋಗಳನ್ನು ನಾನೂ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅವರು ಇಂಜಿನ್ ನೋಡುತ್ತಿದ್ದರು, ನಾನು ಹಿಂದಿನ ಸೀಟು ನೋಡುತ್ತಿದ್ದೆ. ಒಂದೊಂದು ಬೈಕಿನ ಹಿಂಭಾಗವೂ ಕಣಜದ ಹುಳದ ಬಾಲದಂತೆ ಮೇಲೆದ್ದಿತ್ತು. ಅವರ ಜೊತೆ ಮಿಲ್ಲಿನಲ್ಲಿದ್ದ ಇಬ್ಬರು ಅಂಥ ಬೈಕ್ ಕೊಂಡಿದ್ದರು. ಭಾನುವಾರ ಹೊರಡುವುದು ಅವರಿಬ್ಬರೇ. ಅವರ ಹೆಂಡತಿಯರು ನನಗೆ ತರಕಾರಿ ಅಂಗಡಿಯಲ್ಲಿ ಸಿಗುತ್ತಿದ್ದರು. ಮದುವೆಯಾದಾಗಿನಿಂದ ನನ್ನದಾಗಿದ್ದ ಜಾಗ ಈ ಆಯ್ಕೆಯಲ್ಲಿ ಉಳಿಯುತ್ತದೋ ಹೋಗುತ್ತದೋ ಎನ್ನುವುದೇ ನನ್ನ ಚಿಂತೆ. ಯಾರಿಗೂ ಹೇಳಿರಲಿಲ್ಲ.

ಆ ಜಾಗದ ವಿಷಯ ಹೇಳಬೇಕು. ಇಬ್ಬರಿಗೂ ಮೊದಲ ಪಾಳಿ ಬಿದ್ದರೆ ಐದು ಗಂಟೆ ಐದು ನಿಮಿಷಕ್ಕೆ ಮನೆ ಬಿಡುತ್ತಿದ್ದೆವು. ನಾನು ಬಿಳಿ ಸೀರೆ ಉಟ್ಟು, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಸೀರೆ ಗಾರ್ಡಿನ ಕೆಳಗಿನ ಪಟ್ಟಿಯ ಮೇಲೆ ಪಾದ ಊರಿ ಕೂರುತ್ತಿದ್ದೆ. ಎಡಗೈಯಲ್ಲಿ ಊಟದ ಚೀಲ. ಬಲಗೈ ಅವರ ಬಲ ಭುಜದ ಮೇಲೆ. ರೋಲಿಂಗ್ ಮಿಲ್ಲಿನ ಸದ್ದಿಗೆ ಅವರ ಎಡಗಿವಿ ಮದುವೆಯಾದ ಐದಾರು ವರ್ಷಕ್ಕೇ ಮಂದವಾಯಿತು. ಗಾಳಿಯಲ್ಲಿ ನಾನು ಕೂಗಿದ್ದು ಕೇಳುತ್ತಿರಲಿಲ್ಲ. ಹಾಗಾಗಿ ನಮ್ಮ ಮಾತೆಲ್ಲ ಭುಜದ ಮೇಲೆ. ಒಂದು ತಟ್ಟಿದರೆ ನಿಧಾನ. ಎರಡು ತಟ್ಟಿದರೆ ನಿಲ್ಲಿಸಬೇಕು. ಮೂರನೆಯದಕ್ಕೆ ಅರ್ಥ ಇಟ್ಟಿರಲಿಲ್ಲ, ಬೇಕಾಗಲೂ ಇಲ್ಲ. ಮನೆಯಲ್ಲಿ ಎಷ್ಟೇ ಜಗಳವಾಗಿದ್ದರೂ ರಸ್ತೆಯಲ್ಲಿ ಅವರು ನನ್ನ ತಟ್ಟನ್ನು ಒಮ್ಮೆಯೂ ಮೀರಿದವರಲ್ಲ.

ಒಂಬತ್ತೂವರೆಗೆ ಬಿ.ಎಚ್. ರಸ್ತೆಯ ಮೊದಲ ಶೋರೂಮಿಗೆ ಹೋದೆವು. ಯಜಮಾನರು ಮೆಚ್ಚಿದ್ದ ಬೈಕ್ ಬಾಗಿಲಲ್ಲೇ ನಿಂತಿತ್ತು. ಕೆಂಪು ಬಣ್ಣ. ಅವರು ಹತ್ತಿ ಕೂತು ಮುಂದಕ್ಕೆ ಬಾಗಿ ಹ್ಯಾಂಡಲ್ ಹಿಡಿದರು. ಮುಖದಲ್ಲಿ ಮೊದಲ ಸಂಬಳದ ದಿನದ ಕಳೆ ಬಂತು. ಭಾಯಿ ಕಿವಿಯನ್ನು ಇಂಜಿನ್ ಹತ್ತಿರ ತಂದರು. ಇಂಜಿನ್ನಿನ ಸದ್ದು ಒಳ್ಳೆಯದೋ ಕೆಟ್ಟದ್ದೋ ತೀರ್ಮಾನಿಸಲು ಅವರನ್ನು ಕರೆತಂದದ್ದು. ಯಜಮಾನರ ಕಿವಿಯ ಮೇಲೆ ನಮಗಿಬ್ಬರಿಗೂ ಭರವಸೆ ಇರಲಿಲ್ಲ.

"ಸದ್ದು ಬರಾಬರ್ ಇದೆ ಸಾರ್," ಎಂದರು ಭಾಯಿ. ಆಮೇಲೆ ಹಿಂದಕ್ಕೆ ಬಂದು, ಮೇಲೆದ್ದಿದ್ದ ಅಂಗೈಯಗಲದ ಸೀಟನ್ನು ಒತ್ತಿ ನೋಡಿದರು. "ಸಿಸ್ಟರಮ್ಮ, ಇದ್ರ ಮೇಲೆ ಕೋಳಿ ಕೂರಬಹುದು. ಅದೂ ನಾಟಿ ಕೋಳಿ. ಫಾರಂ ಕೋಳಿ ಜಾರುತ್ತೆ."

ನಾನು ಆಗ ಕೇಳಿಯೇಬಿಟ್ಟೆ. "ರೀ, ನಾನೆಲ್ಲಿ ಕೂರ್ಲಿ?"

ಅವರು ತಿರುಗಿ ನನ್ನನ್ನು ನೋಡಿದರು. "ಎಲ್ಲಿ ಅಂದ್ರೆ? ಹಿಂದೆ."

"ಇದ್ರ ಹಿಂದೆನಾ?"

"ಮತ್ತೆ ಯಾರ ಹಿಂದೆ ಕೂರ್ತೀಯ ಮಾರಾಯ್ತಿ?"

ಮೂರು ತಿಂಗಳಿನಿಂದ ನಾನು ಕಟ್ಟಿಕೊಂಡಿದ್ದ ಚಿಂತೆ ಅವರ ತಲೆಗೆ ಹೊಳೆದೇ ಇರಲಿಲ್ಲ. ನಾನು ಬರುವುದಿಲ್ಲ ಎಂಬ ಯೋಚನೆಯೇ ಅವರಿಗಿಲ್ಲ. ಸಮಾಧಾನವಾಯಿತು, ಸಿಟ್ಟೂ ಬಂತು. ಕರೆದುಕೊಂಡು ಹೋಗುತ್ತೇನೆ ಎಂದುಕೊಂಡವರು ಸೀಟು ನೋಡಬೇಡವೇ? ಹಿಂದಿನ ಸೀಟಿನ ಪಕ್ಕ ನಿಂತು ಕೈ ಚಾಚಿ ಅವರ ಭುಜ ಮುಟ್ಟಲು ಹೋದೆ. ಅವರು ಬಾಗಿ ಕೂತಿದ್ದರಿಂದ ಭುಜ ಎಲ್ಲೋ ಮುಂದಿತ್ತು. ಸಿಕ್ಕಿದ್ದು ಬೆನ್ನಿನ ನಡು.

"ತಟ್ಟು ನೋಡಣ," ಎಂದರು.

ತಟ್ಟಿದೆ.

"ಇದು ತಟ್ಟಿದ ಹಾಗಿಲ್ಲ, ಬೆನ್ನು ತಿಕ್ಕಿದ ಹಾಗಿದೆ," ಎಂದು ಅವರೇ ಇಳಿದರು. ಕೆಂಪು ಬೈಕನ್ನು ಇನ್ನೊಂದು ಸಲ ತಿರುಗಿ ನೋಡಿದ್ದು ನನಗೆ ಗೊತ್ತಾಯಿತು. ನಾನು ನೋಡದವಳಂತೆ ಹೊರಗೆ ಬಂದೆ.

ಎರಡನೆಯ ಶೋರೂಮ್ ಅದೇ ರಸ್ತೆಯಲ್ಲಿ, ತುಂಗೆಯ ಸೇತುವೆಗೆ ಹತ್ತಿರ. ಅಲ್ಲಿನ ಬೈಕ್ ಬೂದು ಬಣ್ಣದ್ದು. ಮುಂದೆ ಗಾಳಿ ತಡೆಯುವ ಎತ್ತರದ ಗಾಜು. ಹ್ಯಾಂಡಲ್ ಎತ್ತರದಲ್ಲಿತ್ತು, ಕೂತವರ ಬೆನ್ನು ನೆಟ್ಟಗೆ ನಿಲ್ಲುತ್ತಿತ್ತು. ಹಿಂದಿನ ಸೀಟು ಅಗಲ, ಎರಡೂ ಪಕ್ಕ ಹಿಡಿಯಲು ಹಿಡಿಕೆ, ಪೆಟ್ಟಿಗೆ ಕಟ್ಟಲು ಜಾಗ. ಭಾಯಿ ಇಂಜಿನ್ ಕೇಳಿ ತಲೆಯಾಡಿಸಿದರು. ನಾನು ಸೀರೆಯ ನೆರಿಗೆ ಹಿಡಿದು, ಅಭ್ಯಾಸದಂತೆ ಎಡಕ್ಕೆ ಕಾಲು ಹಾಕಿ ಹತ್ತಿ ಕೂತೆ. ಪಾದ ಪಟ್ಟಿಯನ್ನು ಹುಡುಕಿತು. ಪಟ್ಟಿ ಇರಲಿಲ್ಲ. ಸೀರೆ ಗಾರ್ಡ್ ಎಂದು ಕಾನೂನಿಗೆ ಬೇಕಾದಷ್ಟು ಒಂದು ಚೂರು ಕಬ್ಬಿಣ ಇತ್ತು. ಎರಡೂ ಕಾಲು ನೇತಾಡಿದವು.

ಶೋರೂಮಿನ ಹುಡುಗಿ ಮೆಲ್ಲಗೆ ಹೇಳಿದಳು. "ಮೇಡಂ, ಇದ್ರಲ್ಲಿ ಒಂದೇ ಸೈಡ್ ಕೂರಕ್ಕಾಗಲ್ಲ. ಎರಡೂ ಕಡೆ ಕಾಲು ಹಾಕ್ಬೇಕು."

ನಾನು ಜೀವನದಲ್ಲಿ ಹಾಗೆ ಕೂತವಳಲ್ಲ. ಬೈಕ್ ನೋಡಲು ಹೊರಟವಳು ಸೀರೆ ಉಟ್ಟು ಬಂದದ್ದೇ ತಪ್ಪು. ಬೈಕ್ ಎಂದರೆ ನನ್ನ ಮನಸ್ಸಿನಲ್ಲಿ ಇನ್ನೂ ಹಳೆಯದೇ ಇತ್ತು.

"ಬೇಡ ಬಿಡು, ಬೇರೆ ನೋಡಣ," ಎಂದರು ಯಜಮಾನರು.

ಬೇರೆ ಎಂದರೆ ಮತ್ತೆ ಆ ಕೆಂಪು ಬೈಕಿಗೆ ದಾರಿ. "ಇಪ್ಪತ್ತೈದು ನಿಮಿಷ ಕೊಡಿ," ಎಂದೆ. ಆಟೋ ಹತ್ತಿ ಮನೆಗೆ ಹೋಗಿ, ನವುಲೆ ಕಡೆ ಬೆಳಗಿನ ವಾಕಿಂಗಿಗೆ ಹಾಕಿಕೊಳ್ಳುವ ಚೂಡಿದಾರ ತೊಟ್ಟು ಬಂದೆ. ಇಪ್ಪತ್ಮೂರು ನಿಮಿಷ ಹಿಡಿಯಿತು.

"ಸಿಸ್ಟರ್ ಡ್ಯೂಟಿಗೆ ಹಾಜರ್," ಎಂದರು ಯಜಮಾನರು. ಮದುವೆಗೆ ಮುಂಚೆ ಕೈಗೆ ಕಬ್ಬಿಣದ ಚೂರು ಚುಚ್ಚಿಸಿಕೊಂಡು ಆಸ್ಪತ್ರೆಗೆ ಬಂದಾಗ ನನ್ನನ್ನು ಹಾಗೇ ಕರೆದಿದ್ದರು. ತಮಾಷೆ ಮಾಡಬೇಕಾದಾಗ ಈಗಲೂ ಹಾಗೇ.

"ಬಾಯಿ ಮುಚ್ಚಿ ಬೈಕ್ ಗಟ್ಟಿ ಹಿಡ್ಕೊಳಿ," ಎಂದು, ಅವರ ಭುಜ ಹಿಡಿದು, ಬಲಗಾಲನ್ನು ಸೀಟಿನ ಆಚೆ ಹಾಕಿದೆ. ಮೊದಲ ಸಲ ಆಗಲಿಲ್ಲ. ಭಾಯಿ ಮುಖ ತಿರುಗಿಸಿ ಗೋಡೆಯ ಮೇಲಿನ ಟೈರಿನ ಚಿತ್ರವನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ಎರಡನೇ ಸಲ ಕೂತೆ.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಹೊರಟೆವು. ಭದ್ರಾವತಿ ರಸ್ತೆಯಲ್ಲಿ ನಿದಿಗೆಯವರೆಗೆ ಹೋಗಿ ಬರಲು ಅನುಮತಿ. ನಮ್ಮ ಹಿಂದೆ ಸ್ಕೂಟರಿನಲ್ಲಿ ಶೋರೂಮಿನ ಹುಡುಗಿ, ಅವಳ ಹಿಂದೆ, ಇಬ್ಬರ ನಡುವೆ ಒಂದು ಹೆಲ್ಮೆಟ್ ಇಟ್ಟುಕೊಂಡು ಸಂಕೋಚದಿಂದ ಕೂತ ಭಾಯಿ.

ಸೇತುವೆ ಹತ್ತಿದ ಕೂಡಲೇ ನನಗೆ ಏನೋ ಬೇರೆಯಾಗಿದೆ ಅನ್ನಿಸಿತು. ಮೂವತ್ನಾಲ್ಕು ವರ್ಷ ಈ ರಸ್ತೆಯಲ್ಲಿ ಓಡಾಡಿದ್ದೇನೆ. ಹೋಗುವಾಗ ತುಂಗೆಯ ಒಂದು ಬದಿ, ಬರುವಾಗ ಇನ್ನೊಂದು ಬದಿ. ಹೋಗುವಾಗ ಎಡಗಡೆಯ ಗದ್ದೆ, ಕಬ್ಬು, ಟೀ ಅಂಗಡಿ, ಬರುವಾಗ ಆ ಕಡೆಯ ಗದ್ದೆ, ಕಬ್ಬು, ಟೀ ಅಂಗಡಿ. ಕತ್ತಲೆಯಲ್ಲೂ ಎಲ್ಲಿ ಯಾವ ಮನೆಯ ದೀಪ ಎಂದು ಹೇಳಬಲ್ಲೆ. ಆದರೆ ಒಂದೇ ಕಡೆ ಮುಖ ಮಾಡಿ ಕೂತವಳಿಗೆ ರಸ್ತೆಯ ಎದುರು ಹೇಗಿದೆ ಎಂದು ಗೊತ್ತಿರಲಿಲ್ಲ. ಈಗ ಅವರ ಹೆಲ್ಮೆಟ್ಟಿನ ಮೇಲಿಂದ ಸೇತುವೆ ಮುಗಿಯುವ ಜಾಗ ಕಾಣಿಸಿತು. ಎದುರಿನಿಂದ ಬರುವ ಬಸ್ಸು ಕಾಣಿಸಿತು. ಅದು ನಮ್ಮನ್ನು ದಾಟುವ ಮೊದಲೇ. ಇಷ್ಟು ವರ್ಷ ಅವರು ಒಬ್ಬರೇ ನೋಡುತ್ತ ಬಂದದ್ದು ಇದನ್ನು ಎಂದುಕೊಂಡೆ.

ಮಲವಗೊಪ್ಪ ದಾಟಿದ ಮೇಲೆ ಹಂಪ್ ಬಂತು. ಅದೂ ನನಗೆ ಮೊದಲೇ ಕಾಣಿಸಿತು, ಅದೇ ಎಡವಟ್ಟಾಯಿತು. ಹಿಂದೆಲ್ಲ ಬೈಕ್ ಹಾರಿದ ಮೇಲೆ ಹಂಪ್ ಎಂದು ತಿಳಿಯುತ್ತಿತ್ತು. ಈಗ ದೂರದಿಂದಲೇ ಹೆದರಿ, ಎರಡೂ ಕೈ ಖಾಲಿ ಇದ್ದುದರಿಂದ, ಎರಡೂ ಭುಜಕ್ಕೆ ಒಟ್ಟಿಗೇ ತಟ್ಟಿದೆ.

ಬೈಕ್ ರಸ್ತೆಯಂಚಿಗೆ ಸರಿದು ಪೂರ್ತಿ ನಿಂತಿತು. ಹಿಂದಿನ ಸ್ಕೂಟರ್ ಕೀಚ್ ಎಂದಿತು.

"ಏನಾಯ್ತು?" ಎಂದರು, ಹೆಲ್ಮೆಟ್ಟಿನ ಗಾಜು ಎತ್ತಿ.

"ಏನಿಲ್ಲ. ಯಾಕೆ ನಿಲ್ಲಿಸಿದ್ರಿ?"

"ಎರಡು ತಟ್ಟಿದ್ಯಲ್ಲ."

"ಒಂದೇ ತಟ್ಟಿದ್ದು. ಎರಡು ಕೈಯಲ್ಲಿ."

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಆ ಭುಜಕ್ಕೊಂದು, ಈ ಭುಜಕ್ಕೊಂದು. ನನಗೆ ಎರಡೇ ಆಗುತ್ತೆ. ಎಡಗಿವಿ ಹೋಗಿದೆ ಕಣೆ, ಎಡ ಭುಜ ಸರಿಯಾಗೇ ಇದೆ."

ಅಷ್ಟರಲ್ಲಿ ಭಾಯಿ ಸ್ಕೂಟರ್ ಇಳಿದು ಓಡಿ ಬಂದು ಚೈನ್ ನೋಡತೊಡಗಿದರು. "ಗಾಡಿಗೆ ಏನಾಗಿಲ್ಲ ಭಾಯಿ," ಎಂದರು ಯಜಮಾನರು. "ಸಿಗ್ನಲ್ ಫಾಲ್ಟ್."

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ. ಶೋರೂಮಿನ ಹುಡುಗಿ ಏನೂ ಅರ್ಥವಾಗದೆ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಹೊಸ ಬೈಕ್, ಹೊಸ ಸೀಟು, ಹೊಸ ರೀತಿ ಕೂತದ್ದು. ಆದರೂ ಅವರು ತಟ್ಟನ್ನು ಎಣಿಸಿ ನಿಲ್ಲಿಸಿದ್ದರು. ನನ್ನ ಜಾಗ ಎಲ್ಲಿಗೂ ಹೋಗಿರಲಿಲ್ಲ.

ನಿದಿಗೆಯಿಂದ ವಾಪಸು ಬರುವಾಗ ಬಲಗೈಯೊಂದನ್ನೇ ಬಳಸಿದೆ. ಒಂದಕ್ಕೆ ನಿಧಾನ, ಎರಡಕ್ಕೆ ನಿಲುಗಡೆ, ಎರಡನ್ನೂ ಪರೀಕ್ಷಿಸಿದೆ. ಶೋರೂಮಿನಲ್ಲಿ ಇಳಿಯುವಾಗ ಬಲಗಾಲು ಸ್ವಲ್ಪ ಹಿಡಿದುಕೊಂಡಿತ್ತು, ಹೇಳಲಿಲ್ಲ.

"ಕೆಂಪು ಗಾಡಿ ಬೇಡ್ವಾ?" ಎಂದು ಕೇಳಿದೆ. ಕೇಳುವುದು ನ್ಯಾಯ.

"ಕೆಂಪು ಗಾಡಿ ಚೆನ್ನಾಗೇ ಇದೆ," ಎಂದರು. "ಒಬ್ನೇ ಇರೋನಿಗೆ." ಬೂದು ಬಣ್ಣದ್ದಕ್ಕೇ ಹೆಸರು ಬರೆಸಿದರು.

ಮಧ್ಯಾಹ್ನ ಊಟವಾದ ಮೇಲೆ ಭಾಯಿ ನಮ್ಮ ಹಳೆಯ ಮೋಟಾರ್ ಸೈಕಲ್ಲನ್ನು ಗೂಡ್ಸ್ ಆಟೋಗೆ ಏರಿಸಿದರು. ಏರಿಸುವ ಮೊದಲು, ನಾನು ಹೇಳದಿದ್ದರೂ, ಸೀರೆ ಗಾರ್ಡ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಕೆಳಗಿನ ಪಟ್ಟಿ ನನ್ನ ಚಪ್ಪಲಿಯ ಅಗಲಕ್ಕೆ ಸವೆದು ಬೆಳ್ಳಗಾಗಿತ್ತು. "ಇದು ಗುಜರಿಗೆ ಹಾಕೋದಲ್ಲ ಸಿಸ್ಟರಮ್ಮ," ಎಂದರು. ಹಿತ್ತಲಿನ ಗೋಡೆಗೆ ಒರಗಿಸಿ, ಅಲ್ಲಿದ್ದ ಹೀರೆಯ ಬಳ್ಳಿಯನ್ನು ಅದರ ಮೇಲೆ ಹಬ್ಬಿಸಿದೆ.

ನಾಲ್ಕು ಗಂಟೆಗೆ ಒಂದು ಚೀಟಿಯಲ್ಲಿ ನಿಯಮ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ತಟ್ಟುವುದು ಬಲಗೈಯಲ್ಲಿ ಮಾತ್ರ. ಮೊದಲ ವಾರ ಹತ್ತಿರದ ಗಾಜನೂರಿನವರೆಗೆ, ಆಮೇಲೆ ಕಾರವಾರ. ಯಜಮಾನರು ಓದಿ, ಕೆಳಗೆ ಪೆನ್ಸಿಲಿನಲ್ಲಿ "ಮೂರು ತಟ್ಟಿದರೆ ಟೀ" ಎಂದು ಸೇರಿಸಿದರು. ನಾನು ಅಳಿಸಲಿಲ್ಲ.

ಸಂಜೆ ಇನ್ನೆರಡು ಹಳೆಯ ಚೂಡಿದಾರ ಹುಡುಕಿ ತೆಗೆದೆ. ಸಡಿಲವಾದ ಬಟ್ಟೆ ಚೈನಿಗೆ ಸಿಕ್ಕಬಾರದು ಎಂದು ನಾಲ್ಕೂ ಕಾಲಿನ ಅಂಚು ಒಳಗೆ ಮಡಿಸಿ ಹೊಲಿಯಲು ಕೂತೆ. ಆರು ಗಂಟೆ ನಲವತ್ತು ನಿಮಿಷಕ್ಕೆ ನಾಲ್ಕನೆಯ ಕಾಲಿನ ದಾರ ಕತ್ತರಿಸಿದೆ.