ಟವೆಲ್ ಹಾಕಿ ಹಿಡಿದ ಸೀಟು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಕನಕಪ್ಪನಂಥ ಗೋಲ್‌ಕೀಪರ್ ಹಿಂದೆ ಇರಲಿಲ್ಲ, ಮುಂದೆಯೂ ಬರಲಾರ. ಹಾಗೆ ಹೇಳುತ್ತಿದ್ದವನು ಅವನ ಜೀವದ ಗೆಳೆಯ ಸಿದ್ದರಾಮೇಶ. ಗೋಲು ಹೊಡೆಯುವುದರಲ್ಲಿ ಧಾರಾಳಿ, ಹೊಗಳುವುದರಲ್ಲಿ ಮಹಾ ಜಿಪುಣ. ಆದ್ದರಿಂದ ಮಾತು ನಂಬಬಹುದು.

ಕಾರ್ಗಿಲ್ ಯುದ್ಧ ಶುರುವಾದ ಬೇಸಿಗೆಯಲ್ಲಿ ತಂಡಕ್ಕೆ ತಂಡವೇ ಸೈನ್ಯಕ್ಕೆ ಸೇರುವುದೆಂದು ಮೈದಾನದಲ್ಲೇ ತೀರ್ಮಾನವಾಯಿತು. ಪ್ರತಿ ಪಂದ್ಯಕ್ಕೂ ಹಲಗೆ ಬಾರಿಸಿ ಗಂಟಲು ಹರಿದುಕೊಳ್ಳುತ್ತಿದ್ದ ಕಲ್ಲೇಶನೂ ಹೊರಟ. ಚೆಂಡಿಗೆ ಒಮ್ಮೆಯೂ ಕಾಲು ತಾಗಿಸದ ಆಸಾಮಿ, "ನೀವೆಲ್ಲಾ ಹೋದ್ರ ನಾ ಯಾರಿಗೆ ಬಾರಸ್ಲಿ?" ಎಂದ. ಬೆಳಗಾವಿಯಲ್ಲಿ ಭರ್ತಿ. ಬೆಳಿಗ್ಗೆ ಆರರ ಬಸ್ಸು ತಪ್ಪಿದರೆ ಭರ್ತಿಯೂ ತಪ್ಪಿದಂತೆ.

ಆಗಲೇ ಕನಕಪ್ಪನ ಮಗ್ಗಕ್ಕೆ ತಂಗಿ ನೀಲಾಳ ಮದುವೆಯ ಸೀರೆ ಏರಬೇಕಿತ್ತು. ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ನಡುವೆ ಕೈ ಬದಲಾದರೆ ಬಿಗಿ ತಪ್ಪುತ್ತದೆ. ನೇಯುವುದನ್ನು ಅವ್ವ ಶಂಕ್ರವ್ವ ನೋಡಿಕೊಂಡಾಳು, ಕೊಂಡಿಗೆ ಅವಳ ಕಣ್ಣು ಸಾಲದು. ಭರ್ತಿಗೆ ಹೊರಡುವ ದಿನ ಅವನು ನಸುಕಿಗೇ ಎದ್ದು ಕೊಂಡಿ ಹಾಕಲು ಕೂತ.

ಐದೂವರೆಗೆ ಸಿದ್ದರಾಮೇಶ ಬಂದ. "ಕನಕ್ಯಾ, ಲಗೂ ಏಳೋ!"

"ಇಷ್ಟ ಮುಗಿಸಿ ಬಂದೆ. ನೀ ಸೀಟ್ ಹಿಡಿ."

ಸಿದ್ದರಾಮೇಶ ಗೂಟದಲ್ಲಿದ್ದ ಕನಕಪ್ಪನ ಟವೆಲ್ ತೆಗೆದುಕೊಂಡು ಓಡಿದ. ಕೊನೆಯ ಕೊಂಡಿ ಬಿದ್ದು ಕನಕಪ್ಪ ಸ್ಟ್ಯಾಂಡಿಗೆ ಬಂದಾಗ ಆರೂ ಕಾಲು. ಬಸ್ಸು ಹೋಗಿತ್ತು.

ಎಂಟು ಮಂದಿ ಆಯ್ಕೆಯಾದರು, ಕಲ್ಲೇಶನೂ ಸೇರಿ. ಓಣಿಯವರು ಕನಕಪ್ಪನಿಗೆ 'ಗೋಲು ಬಿಟ್ಟು ಓಡಿದ ಕೀಪರ್' ಎಂದು ಹೆಸರಿಟ್ಟರು. ಅದನ್ನು ಅವನು ನಕ್ಕು ನುಂಗಿದ. ಸಿದ್ದರಾಮೇಶನೂ ಹಾಗೇ ತಿಳಿದನೇ ಎಂಬುದೊಂದೇ ಅವನ ಎದೆಯಲ್ಲಿ ಕೂತುಬಿಟ್ಟಿತು.

ಮರುವರ್ಷ ಸಿದ್ದರಾಮೇಶ ರಜೆಗೆ ಬಂದ. ಬಾಗಿಲಲ್ಲಿ ನಿಂತು "ಕನಕ್ಯಾ!" ಎಂದು ಕೂಗಿದ. ಈ ಹುಚ್ಚ ಕನಕಪ್ಪ ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ ತಲೆ ತಗ್ಗಿಸಿ ಕೂತು, ಊರಲ್ಲಿಲ್ಲ ಎಂದು ಅವ್ವನಿಂದ ಹೇಳಿಸಿದ. ನಾಚಿಕೆಗೂ ಒಂದು ಮಿತಿ ಬೇಡವೇ? ಮುಂದಿನ ಚಳಿಗಾಲದಲ್ಲಿ ಸಿದ್ದರಾಮೇಶ ಕಾಶ್ಮೀರದಿಂದ ಬಾವುಟ ಹೊದ್ದು ಬಂದ.

ಇಪ್ಪತ್ತು ವರ್ಷದ ಮೇಲಾಯಿತು. ನಿವೃತ್ತನಾಗಿ ಪುಣೆಯಲ್ಲಿ ಕಾವಲು ಕೆಲಸಕ್ಕಿದ್ದ ಕಲ್ಲೇಶ ಹೋದ ತಿಂಗಳು ಊರಿಗೇ ಮರಳಿ, ಮಗ್ಗದ ಬಳಿ ಬಂದು ಕೂತ. ಚಹಾ ಆರಿತು. ಕನಕಪ್ಪ ಕಡೆಗೂ ಕೇಳಿಯೇಬಿಟ್ಟ: "ಸಿದ್ದ್ಯಾ ನನಗ ಅಂಜುಬುರುಕ ಅಂದಿದ್ನೇನೋ?"

"ನಿನ್ನ ಸಲುವಾಗಿ ಬಸ್ಸಿನ್ಯಾಗ ಜಗಳಾಡಿದಾಂವ ಹಂಗ ಅಂತಾನೇನ? ಬೆಳಗಾವಿ ಮುಟ್ಟೂತನಕಾ ಆ ಟವೆಲ್ಲಿನ ಮ್ಯಾಲ ಯಾರಿಗೂ ಕುಂಡ್ರಗೊಡ್ಲಿಲ್ಲ. ರೋಣದಾಗ, ನರಗುಂದದಾಗ, ಬಸ್ ನಿಂತಲ್ಲೆಲ್ಲಾ ಕಿಟಕ್ಯಾಗ ತಲಿ ಹಾಕಿ ನೋಡಿದಾ. ಯಾವುದಾರ ಗಾಡಿ ಹತ್ತಿ ನೀ ಬಂದ ಬರ್ತಿ ಅಂತ."

ಕನಕಪ್ಪ ಲಾಳಿ ಕೆಳಗಿಟ್ಟ. "ರಜಾಕ್ಕ ಬಂದಾಗ ನಾ ಊರಾಗಿಲ್ಲಂತ ಹೇಳಿಸಿದ್ನೆಪಾ..."

"ಅಂವಗ ಗೊತ್ತಿತ್ತಲೇ. ನಿನ್ನ ಚಪ್ಪಲಿ ಬಾಗಲದಾಗ ಇದ್ವಂತ. 'ಈ ಸಲ ಇರ್ಲಿ ಬಿಡು, ಮುಂದಿನ ರಜಾಕ್ಕ ಎಳಕೊಂಡ ಹೋಗಿ ಗೋಲಿನ್ಯಾಗ ನಿಂದರಸ್ತೇನಿ' ಅಂದಿದ್ದ."

ಕನಕಪ್ಪ ಕುಣಿಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ. ಆ ಮುಂದಿನ ರಜೆ ಬರುವುದಿಲ್ಲವೆಂದು ಅವನಿಗೂ ಗೊತ್ತು. ಆದರೂ ಈಗ ನೇಯುವಾಗ ಬಾಗಿಲು ಮುಚ್ಚುವುದಿಲ್ಲ. ಚಪ್ಪಲಿಯನ್ನೂ ಅಲ್ಲೇ ಬಿಟ್ಟಿರುತ್ತಾನೆ.