ಡ್ರಿಲ್ ಮೇಷ್ಟ್ರ ಸೀಟಿ

ತೀರಿಹೋದ ನಮ್ಮ ಮನೆಯವರು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಭಾನುವಾರ ನನ್ನನ್ನೂ ನಮ್ಮ ಮಕ್ಕಳನ್ನೂ ಹೊಳೆದಂಡೆಗೆ ಕರೆದುಕೊಂಡು ಹೋದರೂ ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಅವರು ಊದಿದರೆ ಕೂರಬೇಕು, ಊದಿದರೆ ತಿನ್ನಬೇಕು, ಊದಿದರೆ ಆಡಬೇಕು. ಒಂದು ಸಲ ಚಿಕ್ಕವಳು ಸೀಟಿಗೆ ಕಾಯದೆ ನೀರಿಗಿಳಿದಳೆಂದು ಅವಳನ್ನು ಸಂಜೆವರೆಗೂ ಬಿಸಿಲಲ್ಲಿ ನಿಲ್ಲಿಸಿದರು. ನಾನು ಅಂಗಲಾಚಿದರೆ, "ಸುಮ್ನಿರೇ, ನಿನಗೇನು ಗೊತ್ತಾಗುತ್ತೆ?" ಅಂದರು. ಹೊಟ್ಟೆಯೊಳಗೆ ಹೊತ್ತಿದ ಕೆಂಡ ಆರಲಿಲ್ಲ.

ಮುಂದಿನ ಭಾನುವಾರ ಹೊರಡುವ ಮುಂಚೆ, ಬಟ್ಟೆ ಒಗೆಯುವ ಸೋಪನ್ನು ನೆನೆಸಿ, ಕಡ್ಡಿಯಿಂದ ಸೀಟಿಯೊಳಗೆ ಒತ್ತಿ ತುಂಬಿದೆ. ದಂಡೆಯಲ್ಲಿ ಅವರು ಕೆನ್ನೆ ಉಬ್ಬಿಸಿ ಊದಿದರು. ಸದ್ದಿಲ್ಲ, ಬರೀ ಗುಳ್ಳೆ! ಮಕ್ಕಳು ಬಿದ್ದು ಬಿದ್ದು ನಕ್ಕರು, ಗುಳ್ಳೆಗಳ ಹಿಂದೆ ಓಡಿ ದುಡುದುಡು ನೀರಿಗಿಳಿದು ಕುಣಿದಾಡಿದರು.

"ಯಾರೇ ಇದನ್ನ ಮಾಡಿದ್ದು?" ಎಂದು ಸೋಪು ಉಗುಳುತ್ತಾ ನನ್ನ ಕಡೆ ತಿರುಗಿದರು.

"ನನಗೇನು ಗೊತ್ತಾಗುತ್ತೆ ರೀ?" ಅಂದೆ.

ಚಿಕ್ಕವಳು ಒದ್ದೆ ಲಂಗದಲ್ಲೇ ಓಡಿ ಬಂದು, "ಅಪ್ಪಾ, ಇನ್ನೊಂದ್ಸಲ ಊದಪ್ಪಾ!" ಎಂದು ಗೋಗರೆದಳು. ಅವರು ಊದಲಿಲ್ಲ.

ಆಮೇಲೆ ನಾವು ಹೊಳೆಗೆ ಹೊರಟಾಗೆಲ್ಲ ಸೀಟಿ ಮನೆಯ ಮೊಳೆಯಲ್ಲೇ ಉಳಿಯಿತು. ಬಾಗಿಲು ಹಾಕುವಾಗ ಅದನ್ನೊಮ್ಮೆ ನೋಡುತ್ತಿದ್ದೆ. ಹೊಟ್ಟೆ ತಣ್ಣಗಾಗುತ್ತಿತ್ತು.